ರೋಗದ ಹೆಸರು ಕೊಂಡವರು

2014ರ ಅಕ್ಟೋಬರ್ ಕೊನೆಯ ಹೊತ್ತಿಗೆ ಅಮೆರಿಕದ ಷೇರು ವ್ಯವಹಾರ ನಿಯಂತ್ರಕ ಸಂಸ್ಥೆ ಎಸ್‌ಇಸಿಗೆ ಒಂದು ಪುಟ್ಟ ಕಂಪನಿ ಕಾಗದಪತ್ರ ಸಲ್ಲಿಸಿತು. ಕಂಪನಿಯ ಹೆಸರು ವೀಡ್ ಗ್ರೋತ್ ಫಂಡ್. ಮುಂಚೆ ಅದು ಓವೇಶನ್ ರಿಸರ್ಚ್ ಎನಿಸಿಕೊಂಡಿತ್ತು. ಕೊಲರಾಡೋ ರಾಜ್ಯ ಆ ವರ್ಷದ ಜನವರಿ 1ರಿಂದ ಗಾಂಜಾ ಮಾರಾಟಕ್ಕೆ ಅಂಗಡಿ ತೆರೆಸಿದ ಮೇಲೆ ಅಮೆರಿಕದ ಎಷ್ಟೋ ಸಣ್ಣಪುಟ್ಟ ಕಂಪನಿಗಳು ರಾತ್ರೋರಾತ್ರಿ ಗಾಂಜಾ ಕಂಪನಿಗಳಾಗಿದ್ದವು. ಇಂಥ ಷೇರುಗಳ ಬಗ್ಗೆ ಹುಷಾರಾಗಿರಿ ಎಂದು ಅದೇ ಎಸ್‌ಇಸಿ ಮೇ ತಿಂಗಳಲ್ಲಿ ಹೂಡಿಕೆದಾರರನ್ನು ಎಚ್ಚರಿಸಿಯೂ ಇತ್ತು. ಈಗ ಬಂದ ಕಾಗದದಲ್ಲಿ ಇದ್ದದ್ದು ಒಂದು ಖರೀದಿಯ ವಿವರ. 50,000 ಡಾಲರ್ ನಗದು, ಜೊತೆಗೆ ಕ್ಯಾನಬಿಸ್ ಸಟೈವಾ ಎಂಬ ಇನ್ನೊಂದು ಕಂಪನಿಯ 19,192 ಷೇರು. ಷೇರುಗಳ ಅಂದಿನ ಬೆಲೆ ಸುಮಾರು 1,64,000 ಡಾಲರ್. ಎರಡೂ ಸೇರಿ ಎರಡು ಲಕ್ಷ ಡಾಲರಿಗೂ ಮೇಲಾಯಿತು. ಇಷ್ಟು ಕೊಟ್ಟು ಕೊಂಡದ್ದು ಒಂದು ಜಾಲವಿಳಾಸವನ್ನು: ಎಬೋಲಾ ಡಾಟ್ ಕಾಮ್.

ಅದೇ ವಾರ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಎಬೋಲಾ ಸೋಂಕಿತರು ಹತ್ತು ಸಾವಿರ ದಾಟಿದ್ದರು, ಸತ್ತವರು ಐದು ಸಾವಿರಕ್ಕೆ ಹತ್ತಿರವಾಗಿದ್ದರು. ಹೆಚ್ಚುಕಡಿಮೆ ಎಲ್ಲರೂ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳವರು.

ವಿಳಾಸವನ್ನು ಮಾರಿದವರು ಬ್ಲೂ ಸ್ಟ್ರಿಂಗ್ ವೆಂಚರ್ಸ್ ಸಂಸ್ಥೆಯ ಜಾನ್ ಶುಲ್ಟ್ಸ್. 2008ರಲ್ಲಿ ಅವರು ಅದಕ್ಕೆ ಕೊಟ್ಟದ್ದು 13,500 ಡಾಲರ್. ಬೆಲೆ ಆರು ವರ್ಷದಲ್ಲಿ ಸುಮಾರು ಹದಿನಾರು ಪಟ್ಟಾಯಿತು, ಕನಿಷ್ಠ ಕಾಗದದ ಮೇಲೆ. ಈ ಸುದ್ದಿ ಓದಿದ ಬಹಳ ಜನ ಛೀ ಎಂದರು. ಹಾಗೆನ್ನುವುದು ಸುಲಭ. ರೋಗದ ಹೆಸರಿಗೆ ಬೆಲೆ ಬಂದದ್ದು ಹೇಗೆ, ಅದನ್ನು ಏರಿಸಿದ್ದು ಯಾವುದು ಎಂದು ನೋಡಬೇಕಾದರೆ ಕಥೆಯನ್ನು ಸ್ವಲ್ಪ ಹಿಂದಿನಿಂದ ಹಿಡಿಯಬೇಕು.

ಡೊಮೇನ್ ಹೆಸರುಗಳು ಒಂದು ಕಾಲದಲ್ಲಿ ಪುಕ್ಕಟೆ ಸಿಗುತ್ತಿದ್ದವು. 1995ರ ಸೆಪ್ಟೆಂಬರಿನಲ್ಲಿ ನೆಟ್‌ವರ್ಕ್ ಸೊಲ್ಯೂಶನ್ಸ್ ಸಂಸ್ಥೆ ಎರಡು ವರ್ಷಕ್ಕೆ 100 ಡಾಲರ್ ಶುಲ್ಕ ಹಾಕಿತು. ಶುಲ್ಕ ಬಂದದ್ದೇ ತಡ, ಇದು ಆಸ್ತಿ ಎಂದು ಜನರಿಗೆ ಹೊಳೆಯಿತು. ಒಂದು ಹೆಸರು ಒಬ್ಬರಿಗೆ ಮಾತ್ರ, ಮೊದಲು ಬಂದವರಿಗೇ ಸಲ್ಲುತ್ತದೆ. ಬೈಪಾಸ್ ರಸ್ತೆ ಎಲ್ಲಿ ಹಾಯುತ್ತದೆಂದು ಅಂದಾಜು ಮಾಡಿ ಮೊದಲೇ ಸೈಟು ಕೊಂಡಿಡುವವರ ಬುದ್ಧಿಯೇ ಇಲ್ಲೂ ಓಡಿತು. 1999ರಲ್ಲಿ ಬಿಸಿನೆಸ್ ಡಾಟ್ ಕಾಮ್ 75 ಲಕ್ಷ ಡಾಲರಿಗೆ ಹೋಯಿತು. ಡಾಟ್ ಕಾಮ್ ಗುಳ್ಳೆ ಒಡೆದ ಮೇಲೂ ಈ ವ್ಯಾಪಾರ ಸಾಯಲಿಲ್ಲ. ಬಹಳಷ್ಟು ಜನ ಇನ್ನೂ ಹುಡುಕುತಾಣಕ್ಕೆ ಹೋಗದೆ, ಬೇಕಾದ ವಸ್ತುವಿನ ಹೆಸರಿಗೆ ಡಾಟ್ ಕಾಮ್ ಸೇರಿಸಿ ನೇರವಾಗಿ ಟೈಪ್ ಮಾಡುತ್ತಿದ್ದರು. ಆ ಪುಟದಲ್ಲಿ ನಾಲ್ಕು ಜಾಹೀರಾತಿನ ಕೊಂಡಿ ಹಾಕಿಟ್ಟರೆ ಸಾಕು, ಮಾಲೀಕ ಮಲಗಿದ್ದರೂ ದುಡ್ಡು ಬರುತ್ತಿತ್ತು. 2004ರಲ್ಲಿ ಮಾರ್ಚೆಕ್ಸ್ ಎಂಬ ಕಂಪನಿ ಇಂಥ ಸುಮಾರು ಒಂದು ಲಕ್ಷ ಹೆಸರುಗಳ ಗಂಟನ್ನು 16.4 ಕೋಟಿ ಡಾಲರಿಗೆ ಕೊಳ್ಳುವುದಾಗಿ ಘೋಷಿಸಿದಾಗ, ಹವ್ಯಾಸದಂತೆ ಕಾಣುತ್ತಿದ್ದದ್ದು ಉದ್ಯಮವೆಂದು ಖಚಿತವಾಯಿತು.

ರೋಗಗಳ ಹೆಸರು ಈ ಪೇಟೆಗೆ ಬಂದದ್ದರ ಹಿಂದೆ ಕಾನೂನಿನ ಒಂದು ತಿರುವಿದೆ. ಆರಂಭದಲ್ಲಿ ಹೆಸರು ಹಿಡಿದಿಡುವವರ ಕಣ್ಣು ದೊಡ್ಡ ಕಂಪನಿಗಳ ಮೇಲಿತ್ತು. ಪ್ರಸಿದ್ಧ ಬ್ರಾಂಡಿನ ಹೆಸರು ನೋಂದಾಯಿಸಿ, ಆ ಕಂಪನಿಗೇ ದುಬಾರಿ ಬೆಲೆಗೆ ಮಾರುವುದು ಅವರ ದಾರಿ. 1999ರಲ್ಲಿ ಅಮೆರಿಕದ ಸಂಸತ್ತು ಇದರ ವಿರುದ್ಧ ಕಾಯ್ದೆ ಮಾಡಿತು. ಅದೇ ವರ್ಷ ಐಕ್ಯಾನ್, ಅಂದರೆ ಜಗತ್ತಿನ ಜಾಲವಿಳಾಸಗಳ ವ್ಯವಸ್ಥೆ ನೋಡಿಕೊಳ್ಳುವ ಸಂಸ್ಥೆ, ಟ್ರೇಡ್‌ಮಾರ್ಕ್ ಇದ್ದವರು ಕೋರ್ಟಿಗೆ ಹೋಗದೆಯೂ ತಮ್ಮ ಹೆಸರು ವಾಪಸು ಪಡೆಯುವ ಮಧ್ಯಸ್ಥಿಕೆಯ ನಿಯಮ ತಂದಿತು. ಬ್ರಾಂಡುಗಳ ದಾರಿ ಮುಚ್ಚಿತು. ಉಳಿದದ್ದು ಯಾರಿಗೂ ಸೇರದ ಸಾಮಾನ್ಯ ಪದಗಳು, ಹಣ್ಣು, ಊರು, ಕಸುಬು, ಕಾಯಿಲೆ. ಯಾವ ಕಂಪನಿಯೂ ಕಾಲರಾ ನನ್ನದು ಎಂದು ದಾವೆ ಹೂಡುವುದಿಲ್ಲವಲ್ಲ.

2005ರಲ್ಲಿ ಹಕ್ಕಿಜ್ವರದ ಭಯ ಏರಿದಾಗ ಈ ವ್ಯತ್ಯಾಸ ಢಾಳಾಗಿ ಕಂಡಿತು. ಎಚ್5ಎನ್1 ಸೋಂಕು ಏಷ್ಯಾದಿಂದ ಯೂರೋಪಿನ ಅಂಚಿಗೆ ಬಂದಿತ್ತು. ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ನವೆಂಬರ್ 1ರಂದು ಸಿದ್ಧತೆಗಾಗಿ 710 ಕೋಟಿ ಡಾಲರ್ ಕೇಳಿದರು. ಟಾಮಿಫ್ಲು ಮಾತ್ರೆಗೆ ಎಲ್ಲೆಡೆ ನೂಕುನುಗ್ಗಲು. ಮಾತ್ರೆಯ ಹೆಸರನ್ನು ಸೇರಿಸಿಕೊಂಡು ವಿಳಾಸ ಮಾಡಿಕೊಂಡವರ ಮೇಲೆ ತಯಾರಕ ಕಂಪನಿ ರೋಶ್ ಸಾಲುಸಾಲು ದೂರು ಹಾಕಿ, ಒಂದೊಂದನ್ನೇ ಕಿತ್ತುಕೊಂಡಿತು. ಹಕ್ಕಿಜ್ವರದ ಹೆಸರಿಟ್ಟುಕೊಂಡವರನ್ನು ಯಾರೂ ಕೇಳಲಿಲ್ಲ. ಮದ್ದಿಗೆ ಮಾಲೀಕನಿದ್ದ, ರೋಗಕ್ಕೆ ಇರಲಿಲ್ಲ.

ಶುಲ್ಟ್ಸ್ ಅವರ ಗಂಟಿನಲ್ಲಿ ಹಕ್ಕಿಜ್ವರದ ಇಂಗ್ಲಿಷ್ ಹೆಸರಿನ ಡಾಟ್ ಕಾಮ್ ಇತ್ತು, ಎಚ್1ಎನ್1 ಇತ್ತು, ಮುಂದೆ ಫುಕುಶಿಮಾ ಕೂಡ ಸೇರಿತು. ಅಣುದುರಂತದ ಭಯ ಬಂದಾಗ ಜನ ಹುಡುಕುವ ಪೊಟ್ಯಾಸಿಯಂ ಅಯೋಡೈಡ್ ಹೆಸರಿನಲ್ಲೂ ಅವರಿಗೆ ಪಾಲಿತ್ತು. ರೋಗ ಬಂದ ಮೇಲೆ ಓಡಿಬಂದವರ ಪೈಕಿಯಲ್ಲ ಅವರು. ಎಬೋಲಾ ವಿಳಾಸವನ್ನು ಪೇಟೆ ತಣ್ಣಗಿದ್ದಾಗಲೇ, ಸಾಕಷ್ಟು ಹಣ ಕೊಟ್ಟು ಇನ್ನೊಬ್ಬರಿಂದ ಕೊಂಡಿದ್ದರು. 2014ರಲ್ಲಿ ಪತ್ರಿಕೆಗಳು ಹುಡುಕಿಕೊಂಡು ಬಂದಾಗ ಅವರು ಏನನ್ನೂ ಮುಚ್ಚಿಡಲಿಲ್ಲ. ದಿನಕ್ಕೆ ಸುಮಾರು 5,000 ಸಲ ಜನ ಸುಮ್ಮನೆ ಟೈಪ್ ಮಾಡಿ ಪುಟಕ್ಕೆ ಬರುತ್ತಿದ್ದಾರೆ, ಬೆಲೆ ಒಂದೂವರೆ ಲಕ್ಷ ಡಾಲರ್ ಎಂದರು. ಇದಕ್ಕಿಂತ ಹಕ್ಕಿಜ್ವರದ ಹೆಸರಿಗೇ ನನ್ನ ಬೆಲೆ ಹೆಚ್ಚು ಎಂದೂ ಹೇಳಿದರು. ಅದು ಗಾಳಿಯಲ್ಲಿ ಹರಡಬಲ್ಲದು, ಎಬೋಲಾ ಹಾಗಲ್ಲ ಎಂಬುದು ಅವರ ತರ್ಕ. ಸೋಂಕುಶಾಸ್ತ್ರದ ಮಟ್ಟಿಗೆ ಈ ತರ್ಕದಲ್ಲಿ ತಪ್ಪಿಲ್ಲ. ಆ ತಿಂಗಳು ಅಮೆರಿಕದ ಟಿವಿ ವಾಹಿನಿಗಳಲ್ಲಿ ಕೂಗುತ್ತಿದ್ದ ಕೆಲವರಿಗಿಂತ ಈ ವ್ಯಾಪಾರಿಯೇ ರೋಗವನ್ನು ಸರಿಯಾಗಿ ತಿಳಿದುಕೊಂಡಿದ್ದರು.

ಎಬೋಲಾ ಎಂಬ ಹೆಸರು ಹುಟ್ಟಿದ್ದೂ ಒಂದು ಕಥೆ. 1976ರಲ್ಲಿ ಅಂದಿನ ಜೈರ್ ದೇಶದ ಯಾಂಬುಕು ಎಂಬಲ್ಲಿನ ಮಿಷನ್ ಆಸ್ಪತ್ರೆಯ ಸುತ್ತ 318 ಜನ ಜ್ವರಕ್ಕೆ ತುತ್ತಾಗಿ 280 ಜನ ಸತ್ತರು. ತನಿಖೆಗೆ ಹೋದ ಅಂತರರಾಷ್ಟ್ರೀಯ ತಂಡ ಹೊಸ ವೈರಾಣುವಿಗೆ ಏನು ಹೆಸರಿಡುವುದೆಂದು ಒಂದು ರಾತ್ರಿ ಚರ್ಚಿಸಿತು. ಊರಿನ ಹೆಸರೇ ಇಟ್ಟರೆ ಯಾಂಬುಕು ಎಂದೆಂದೂ ಕಳಂಕ ಹೊರಬೇಕಾಗುತ್ತದೆ. ನೈಜೀರಿಯಾದ ಲಾಸಾ ಊರಿಗೆ 1969ರಲ್ಲಿ ಹಾಗೆಯೇ ಆಗಿತ್ತು. ತಂಡದ ಮುಖ್ಯಸ್ಥ ಕಾರ್ಲ್ ಜಾನ್ಸನ್ ನದಿಯ ಹೆಸರಿಡೋಣ ಎಂದರು. ಗೋಡೆಯ ಮೇಲಿದ್ದ ಸಣ್ಣ ನಕಾಶೆಯಲ್ಲಿ ಯಾಂಬುಕುಗೆ ಹತ್ತಿರ ಕಂಡದ್ದು ಎಬೋಲಾ ನದಿ. ನಕಾಶೆ ಸರಿಯಿರಲಿಲ್ಲ, ಅದು ಅತಿ ಹತ್ತಿರದ ನದಿಯಾಗಿರಲಿಲ್ಲ ಎಂದು ಆ ತಂಡದಲ್ಲಿದ್ದ ಬೆಲ್ಜಿಯಂನ ಪೀಟರ್ ಪಿಯೋಟ್ ಮುಂದೆ ತಮ್ಮ ಆತ್ಮಕಥೆಯಲ್ಲಿ ಬರೆದರು. ಒಂದು ಹಳ್ಳಿಯ ಮಾನ ಉಳಿಸಲು ಆರಿಸಿದ ಹೆಸರನ್ನು ಮೂವತ್ತೆಂಟು ವರ್ಷದ ಮೇಲೆ ಗಾಂಜಾ ಕಂಪನಿಯೊಂದು ಕೊಂಡಿತು.

2014ರ ಬೆಲೆ ಏರಿದ ದಿನಗಳನ್ನು ರೋಗ ಹರಡಿದ ದಿನಗಳ ಪಕ್ಕದಲ್ಲಿಟ್ಟು ನೋಡಬೇಕು. ಗಿನಿಯ ಮೆಲಿಯಾಂಡೌ ಹಳ್ಳಿಯಲ್ಲಿ ಮೊದಲ ಮಗು ಸತ್ತದ್ದು 2013ರ ಡಿಸೆಂಬರಿನಲ್ಲಿ. ಮಾರ್ಚ್ 23ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿಗೆ ತಿಳಿಸಿತು. ಆಗಸ್ಟ್ 8ರಂದು ಜಾಗತಿಕ ತುರ್ತುಸ್ಥಿತಿ ಸಾರಿತು. ಸೆಪ್ಟೆಂಬರ್ 30ರಂದು ಟೆಕ್ಸಾಸಿನ ಡಲ್ಲಾಸ್ ನಗರದಲ್ಲಿ, ಲೈಬೀರಿಯಾದಿಂದ ಬಂದ ಒಬ್ಬನಲ್ಲಿ ಎಬೋಲಾ ಖಚಿತವಾಯಿತು. ಅವನು ಅಕ್ಟೋಬರ್ 8ರಂದು ಸತ್ತ. ಶುಶ್ರೂಷೆ ಮಾಡಿದ ಇಬ್ಬರು ದಾದಿಯರಿಗೆ ಸೋಂಕು ತಗುಲಿತು, ಇಬ್ಬರೂ ಗುಣವಾದರು. ಅಮೆರಿಕದ ನೆಲದಲ್ಲಿ ಪತ್ತೆಯಾದ ಪ್ರಕರಣಗಳು ಒಟ್ಟು ನಾಲ್ಕೇ. ಪತ್ರಕರ್ತರು ಶುಲ್ಟ್ಸ್ ಅವರನ್ನು ಹುಡುಕಿಕೊಂಡು ಹೋದದ್ದು, ಕೊಳ್ಳುವವರು ಮುಂದೆ ಬಂದದ್ದು, ವ್ಯವಹಾರ ಮುಗಿದದ್ದು ಎಲ್ಲವೂ ಆ ಮೂರ್ನಾಲ್ಕು ವಾರಗಳಲ್ಲಿ. ಪಶ್ಚಿಮ ಆಫ್ರಿಕದ ಸಾವಿರಾರು ಸಾವು ತರದ ಬೆಲೆಯನ್ನು ಡಲ್ಲಾಸಿನ ಒಂದು ಸಾವು ತಂದಿತು. ಈ ಪೇಟೆಯಲ್ಲಿ ತೂಗುತ್ತಿದ್ದದ್ದು, ಕೈಯಲ್ಲಿ ಕಂಪ್ಯೂಟರೂ ಜೇಬಿನಲ್ಲಿ ಕಾರ್ಡೂ ಇದ್ದವರ ಭಯವನ್ನು. ರೋಗ ಎಷ್ಟು ದೊಡ್ಡದು ಎಂಬುದು ಆ ತಕ್ಕಡಿಗೆ ಬರಲೇ ಇಲ್ಲ.

ಆ ಭಯದ ಬೆನ್ನು ಹತ್ತಿದ್ದು ವಿಳಾಸ ಮಾರುವವರು ಮಾತ್ರವೇ ಅಲ್ಲ. ಸೆಪ್ಟೆಂಬರಿನಲ್ಲೇ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ, ಸುಗಂಧ ತೈಲ ಮುಂತಾದವುಗಳಿಂದ ಎಬೋಲಾ ವಾಸಿಯಾಗುತ್ತದೆಂಬ ಪ್ರಚಾರಕ್ಕಾಗಿ ಮೂರು ಸಂಸ್ಥೆಗಳಿಗೆ ಎಚ್ಚರಿಕೆ ಪತ್ರ ಬರೆದಿತ್ತು. ಎಬೋಲಾಗೆ ನಮ್ಮಲ್ಲಿ ಉಪಾಯವಿದೆ ಎಂದು ಷೇರುದಾರರನ್ನು ಸೆಳೆಯುತ್ತಿದ್ದ ನಾಲ್ಕು ಪುಟ್ಟ ಕಂಪನಿಗಳ ಷೇರು ವಹಿವಾಟನ್ನು ನವೆಂಬರ್ 20ರಂದು ಎಸ್‌ಇಸಿ ನಿಲ್ಲಿಸಿತು. ಇವುಗಳ ಪಕ್ಕದಲ್ಲಿಟ್ಟರೆ ಶುಲ್ಟ್ಸ್ ಮಾಡಿದ್ದು ಸಭ್ಯ ವ್ಯವಹಾರ. ಯಾರಿಗೂ ಸುಳ್ಳು ಮದ್ದು ಮಾರಲಿಲ್ಲ. ಆದರೂ ಒಂದು ಮಾತು. ಭಯಬಿದ್ದವರು ಮೊದಲು ಬಂದು ತಟ್ಟುವ ಬಾಗಿಲು ಯಾರ ಕೈಗೆ ಹೋಗಬೇಕೆಂಬುದನ್ನು ಅಲ್ಲಿ ತೀರ್ಮಾನಿಸಿದ್ದು ಹಣವೊಂದೇ. ವೈದ್ಯರ ಸಂಘಕ್ಕೋ ಪರಿಹಾರ ಸಂಸ್ಥೆಗೋ ಹೋಗಬಹುದಿತ್ತು; ಹೆಚ್ಚು ಕೊಟ್ಟವರಿಗೆ ಹೋಯಿತು.

ಕೊಂಡವರಿಗೆ ಸಿಕ್ಕಿದ್ದು ಬಹಳ ಬೇಗ ಸವೆಯುವ ಸರಕು. ಅಮೆರಿಕದ ದಿಗಿಲು ವರ್ಷ ಮುಗಿಯುವಷ್ಟರಲ್ಲಿ ಇಳಿಯಿತು. ಆಫ್ರಿಕದಲ್ಲಿ ಸಾವು ನಿಂತಿರಲಿಲ್ಲ. 2016ರಲ್ಲಿ ಪಿಡುಗು ಮುಗಿಯುವ ಹೊತ್ತಿಗೆ 28,600ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿ, 11,325 ಜನ ಸತ್ತಿದ್ದರು. ಆದರೆ ವಿಳಾಸದ ಪೇಟೆಗೆ ಅದು ಸುದ್ದಿಯಾಗಿರಲಿಲ್ಲ.

ಮುಂದಿನ ತಿರುವು ವಿಶ್ವ ಆರೋಗ್ಯ ಸಂಸ್ಥೆಯ ಕೇಂದ್ರವಿರುವ ಜಿನೀವಾದಿಂದ ಬಂತು. 2009ರಲ್ಲಿ ಹಂದಿಜ್ವರ ಎಂದು ಜಗತ್ತೆಲ್ಲ ಕರೆದದ್ದರಿಂದ ಹಂದಿ ಮಾಂಸದ ವ್ಯಾಪಾರ ಕುಸಿದಿತ್ತು, ಈಜಿಪ್ಟ್ ಸರಕಾರ ಲಕ್ಷಾಂತರ ಹಂದಿಗಳನ್ನು ಕೊಲ್ಲಿಸಿತ್ತು. ವಿಶ್ವ ಆರೋಗ್ಯ ಸಂಸ್ಥೆ ಏಪ್ರಿಲ್ 30ರಂದು ಆ ಹೆಸರು ಕೈಬಿಟ್ಟು ಎಚ್1ಎನ್1 ಎಂದಿತು. ಮೊದಲ ವಾರದ ಹೆಸರನ್ನು ನೆಚ್ಚಿ ವಿಳಾಸ ಕೊಂಡವರ ಲೆಕ್ಕ ಅಲ್ಲೇ ಏರುಪೇರಾಯಿತು. 2015ರ ಮೇ ತಿಂಗಳಲ್ಲಿ ಸಂಸ್ಥೆ ಇದನ್ನು ಮಾರ್ಗಸೂಚಿಯನ್ನಾಗಿಯೇ ಮಾಡಿತು: ಹೊಸ ರೋಗಕ್ಕೆ ಊರು, ವ್ಯಕ್ತಿ, ಪ್ರಾಣಿ, ಕಸುಬುಗಳ ಹೆಸರು ಬೇಡ. ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತುಬಿದ್ದಾಗ ಈ ನಿಯಮ ಇದ್ದಿದ್ದರೆ, ವೈದ್ಯಗ್ರಂಥಗಳ ಕ್ಯಾಸನೂರು ಅರಣ್ಯ ಕಾಯಿಲೆಯೂ ಮಲೆನಾಡಿಗರ ಮಂಗನ ಕಾಯಿಲೆಯೂ ಎರಡೂ ಪರೀಕ್ಷೆಯಲ್ಲಿ ನಪಾಸಾಗುತ್ತಿದ್ದವು.

ಈ ನಿಯಮ ಕಳಂಕ ತಪ್ಪಿಸಲು ಮಾಡಿದ್ದು. ವಿಳಾಸದ ವ್ಯಾಪಾರಿಗಳಿಗೆ ಅದರಿಂದ ಬೇರೆಯದೇ ಪರಿಣಾಮವಾಯಿತು. ಶುಲ್ಟ್ಸ್ ಅವರಂತೆ ಹಳೆಯ ರೋಗದ ಹೆಸರು ಕೊಂಡು ವರ್ಷಗಟ್ಟಲೆ ಕಾಯುವುದು ಹೊಸ ರೋಗಗಳ ವಿಷಯದಲ್ಲಿ ಆಗದ ಮಾತಾಯಿತು. ಹೆಸರು ಸಮಿತಿಯ ಕೋಣೆಯಲ್ಲಿ ಹುಟ್ಟಿ, ಪತ್ರಿಕಾಗೋಷ್ಠಿಯಲ್ಲಿ ಹೊರಬಂದು, ಮರುಕ್ಷಣವೇ ಎಲ್ಲರಿಗೂ ಒಟ್ಟಿಗೆ ಸಿಗತೊಡಗಿತು. ಹೂಡಿಕೆ ಹೋಗಿ ಓಟವಾಯಿತು.

ಆ ಓಟ ನಡೆದದ್ದು 2020ರಲ್ಲಿ. ಫೆಬ್ರವರಿ 11ರಂದು ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥ ಟೆಡ್ರೋಸ್ ಅವರು ಕೋವಿಡ್-19 ಎಂಬ ಹೆಸರು ಘೋಷಿಸಿದರು. ಅಲ್ಲಿಯವರೆಗೆ ವುಹಾನ್, ಕೊರೊನಾ ಎಂದೆಲ್ಲ ನೋಂದಾಯಿಸುತ್ತಿದ್ದವರು ಹೊಸ ಹೆಸರಿನತ್ತ ತಿರುಗಿದರು. ಭದ್ರತಾ ಸಂಸ್ಥೆ ಚೆಕ್ ಪಾಯಿಂಟ್ ಮಾರ್ಚ್ ಆರಂಭಕ್ಕೆ ಎಣಿಸಿದ್ದು ಇಂಥ 4,000ಕ್ಕೂ ಹೆಚ್ಚು ಹೆಸರು. ಆಮೇಲೆ ಕಟ್ಟೆ ಒಡೆಯಿತು. ಮಾರ್ಚ್ 9ರಿಂದ ಏಪ್ರಿಲ್ 26ರ ನಡುವೆ ಕೋವಿಡ್ ಸಂಬಂಧದ ಪದಗಳುಳ್ಳ 12 ಲಕ್ಷ ಹೊಸ ಹೆಸರು ನೋಂದಣಿಯಾದವು, ಅವುಗಳಲ್ಲಿ 86,600ಕ್ಕೂ ಹೆಚ್ಚು ಅಪಾಯಕಾರಿ ಎಂದು ಪಾಲೋ ಆಲ್ಟೋ ನೆಟ್‌ವರ್ಕ್ಸ್‌ನ ಸಂಶೋಧಕರು ವರದಿ ಮಾಡಿದರು.

ಈ ಅಂಕಿಗಳ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಯಾವ ಪದಗಳನ್ನು ರೋಗಕ್ಕೆ ಸಂಬಂಧಿಸಿದವೆಂದು ಎಣಿಸಬೇಕು, ಅಪಾಯಕಾರಿ ಎನ್ನಲು ಎಷ್ಟು ಪುರಾವೆ ಬೇಕು ಎಂಬುದರ ಮೇಲೆ ಲೆಕ್ಕ ಹಿಗ್ಗುತ್ತದೆ, ಕುಗ್ಗುತ್ತದೆ. ಭದ್ರತೆಯನ್ನೇ ಮಾರುವ ಕಂಪನಿಗಳು ಭಯದ ಅಂಕಿ ದೊಡ್ಡದು ಮಾಡುತ್ತವೆಂದು ನೋಂದಣಿ ಉದ್ಯಮದವರ ಆಕ್ಷೇಪ. ಐಕ್ಯಾನ್ ತಾನೇ 2020ರ ಮೇ ತಿಂಗಳಿಂದ ಎರಡು ವರ್ಷಕ್ಕೂ ಮೇಲೆ ಹಲವು ಭಾಷೆಗಳ ಪದಗಳನ್ನಿಟ್ಟುಕೊಂಡು ಸುಮಾರು 4.4 ಲಕ್ಷ ಹೆಸರು ಶೋಧಿಸಿದಾಗ, ಸಂಶಯಕ್ಕೆ ಎಡೆಯಿದ್ದವು 23 ಸಾವಿರದಷ್ಟು ಕಂಡವು. ನೂರಕ್ಕೆ ಐದೋ ಏಳೋ ಎಂಬ ಜಗಳ ಏನೇ ಇರಲಿ, ಉಳಿದವುಗಳಲ್ಲೂ ನಿಜವಾಗಿ ರೋಗಿಗೆ ಉಪಯೋಗವಾದ ತಾಣಗಳಿಗಿಂತ ಬೆಲೆ ಬರಲೆಂದು ಖಾಲಿ ಹಿಡಿದಿಟ್ಟವೇ ಹೆಚ್ಚಿದ್ದವು ಎಂಬುದು ನನ್ನ ಅಂದಾಜು.

ಕೆಟ್ಟವು ಹೇಗಿದ್ದವೆಂಬುದಕ್ಕೆ ಎರಡು ಉದಾಹರಣೆ ಸಾಕು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ 2020ರ ಜನವರಿ 22ರಿಂದ ಸೋಂಕಿನ ನಕಾಶೆಯನ್ನು ಜಾಲದಲ್ಲಿ ತೋರಿಸುತ್ತಿತ್ತು. ಅದರಂತೆಯೇ ಕಾಣುವ ನಕಲಿ ನಕಾಶೆಯ ಪುಟ ಹುಟ್ಟಿ, ನೋಡಬಂದವರ ಪಾಸ್‌ವರ್ಡ್ ಕದಿಯುವ ತಂತ್ರಾಂಶ ಹಂಚಿತು. ಇನ್ನೊಂದು ತಾಣ, ವಿಶ್ವ ಆರೋಗ್ಯ ಸಂಸ್ಥೆಯ ಲಸಿಕೆ ಕಿಟ್ಟು ಉಚಿತ, ಕೊರಿಯರ್ ಖರ್ಚು 4.95 ಡಾಲರ್ ಕಾರ್ಡಿನಲ್ಲಿ ಕಟ್ಟಿ ಎಂದಿತು. ಲಸಿಕೆ ಇನ್ನೂ ಇರಲೇ ಇಲ್ಲ. ಮಾರ್ಚ್ 21ರಂದು ಅಮೆರಿಕದ ನ್ಯಾಯ ಇಲಾಖೆ ಟೆಕ್ಸಾಸಿನ ಆಸ್ಟಿನ್‌ನಲ್ಲಿ ಈ ತಾಣದ ವಿರುದ್ಧ ದಾವೆ ಹೂಡಿತು, ನ್ಯಾಯಾಧೀಶ ರಾಬರ್ಟ್ ಪಿಟ್‌ಮನ್ ತಡೆಯಾಜ್ಞೆ ಕೊಟ್ಟರು. ಕೋವಿಡ್ ವಂಚನೆಯ ವಿರುದ್ಧ ಆ ಇಲಾಖೆಯ ಮೊದಲ ಹೆಜ್ಜೆ ಇದೇ.

ಅದರ ಹಿಂದಿನ ದಿನವಷ್ಟೇ ನ್ಯೂಯಾರ್ಕಿನ ಅಟಾರ್ನಿ ಜನರಲ್ ಲಟೀಶಿಯಾ ಜೇಮ್ಸ್ ಗೋಡ್ಯಾಡಿ, ನೇಮ್‌ಚೀಪ್ ಮೊದಲಾದ ದೊಡ್ಡ ನೋಂದಣಿ ಕಂಪನಿಗಳಿಗೆ ಪತ್ರ ಬರೆದು, ಕೊರೊನಾ ಹೆಸರಿನ ನೋಂದಣಿಗೆ ಕಡಿವಾಣ ಹಾಕಿ ಎಂದು ಕೇಳಿದ್ದರು. ನೇಮ್‌ಚೀಪ್ ಕೊರೊನಾ, ಕೋವಿಡ್, ಲಸಿಕೆ ಎಂಬ ಇಂಗ್ಲಿಷ್ ಪದಗಳಿದ್ದರೆ ಯಂತ್ರದ ಮೂಲಕ ತಾನಾಗಿ ಆಗುವ ನೋಂದಣಿಯನ್ನು ನಿಲ್ಲಿಸಿತು. ಕಾಲು ಶತಮಾನ ಯಾರು ಕೇಳಿದರೂ ಯಾಕೆಂದು ಕೇಳದೆ ಹೆಸರು ಕೊಡುತ್ತಿದ್ದ ಉದ್ಯಮ ಮೊದಲ ಬಾರಿಗೆ ಒಂದು ರೋಗದ ಹೆಸರಿನ ಮುಂದೆ ತಡೆದು ನಿಂತಿತು. ಅಷ್ಟೇ ಮುಖ್ಯವಾದ ಇನ್ನೊಂದು ಬದಲಾವಣೆ ಗದ್ದಲವಿಲ್ಲದೆ ಆಗಿತ್ತು. ಜನವರಿ 30ರಿಂದ ಗೂಗಲ್‌ನಲ್ಲಿ ಕೊರೊನಾ ಎಂದು ಹುಡುಕಿದರೆ ಮೇಲ್ಗಡೆಯೇ ವಿಶ್ವ ಆರೋಗ್ಯ ಸಂಸ್ಥೆಯ ಮಾಹಿತಿ ಬರತೊಡಗಿತು. ಅಮೆರಿಕ ಸರಕಾರ ಕೊರೊನಾವೈರಸ್ ಡಾಟ್ ಗವ್ ತೆರೆಯಿತು. ಮೊಬೈಲಿನಲ್ಲಿ ಹುಡುಕುವ ಪೀಳಿಗೆ ಡಾಟ್ ಕಾಮ್ ಸೇರಿಸಿ ಟೈಪ್ ಮಾಡುವುದನ್ನು ಬಿಟ್ಟೇ ಬಿಟ್ಟಿತ್ತು. 2014ರಲ್ಲಿ ಶುಲ್ಟ್ಸ್ ಮಾರಿದ ಆ 5,000 ದಾರಿಹೋಕರು 2020ರಲ್ಲಿ ಆ ಬೀದಿಗೆ ಬರಲಿಲ್ಲ. ಖಚಿತವಾಗಿ ಲಾಭ ಮಾಡಿದ್ದು ಪ್ರತಿ ಹೆಸರಿಗೂ ಶುಲ್ಕ ಎಣಿಸಿಕೊಂಡ ನೋಂದಣಿ ಕಂಪನಿಗಳು. ಡಾಟ್ ಕಾಮ್ ನಡೆಸುವ ವೆರಿಸೈನ್‌ಗೆ ಆಗ ಹೆಸರೊಂದಕ್ಕೆ ವರ್ಷಕ್ಕೆ 7.85 ಡಾಲರ್ ಸಲ್ಲುತ್ತಿತ್ತು. ಹೆಸರು ಮಾರಾಟವಾಗಲಿ ಬಿಡಲಿ, ಮಾಲೀಕ ಅದನ್ನು ಕಟ್ಟಲೇಬೇಕು.

ನಮ್ಮಲ್ಲಿ ಪಟ್ಟು ಸ್ವಲ್ಪ ಬೇರೆಯಿತ್ತು. 2020ರ ಮಾರ್ಚ್ ಕೊನೆಗೆ ಪಿಎಂ ಕೇರ್ಸ್ ನಿಧಿ ಘೋಷಣೆಯಾದ ಕೂಡಲೇ, ಅಸಲಿ ಯುಪಿಐ ಐಡಿಯಲ್ಲಿ ಒಂದು ಅಕ್ಷರ ಬಿಟ್ಟು ನಕಲಿ ಐಡಿ ಹುಟ್ಟಿಕೊಂಡಿತು, ದೆಹಲಿ ಪೊಲೀಸರು ಎಚ್ಚರಿಸಿದರು. ಜೂನ್‌ನಲ್ಲಿ, ಸರಕಾರದ ಇಮೇಲಿನಂತೆ ಕಾಣುವ ವಿಳಾಸದಿಂದ ಉಚಿತ ಕೋವಿಡ್ ಪರೀಕ್ಷೆಯ ಆಮಿಷ ಬರಬಹುದೆಂದು ದೇಶದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಪ್ರಕಟಣೆ ಕೊಟ್ಟಿತು. ಇಲ್ಲಿ ಭಯದ ಬೆಲೆ ವಸೂಲಾದದ್ದು ಡಾಟ್ ಕಾಮ್ ಹರಾಜಿಗಿಂತ ಫೋನಿನ ಪಾವತಿಯಲ್ಲಿ. ಲಸಿಕೆ ಬಂದಾಗ ನೋಂದಣಿಯೆಲ್ಲ ಕೋವಿನ್ ತಾಣದಲ್ಲೇ ಆದದ್ದು ಒಂದು ರಕ್ಷಣೆಯಾಯಿತು. ಗವ್ ಡಾಟ್ ಇನ್ ಎಂದು ಮುಗಿಯುವ ಹೆಸರು ಯಾವ ಹೂಡಿಕೆದಾರನಿಗೂ ಮಾರಾಟಕ್ಕಿಲ್ಲ.

2022ರ ನವೆಂಬರ್ 28ರಂದು ವಿಶ್ವ ಆರೋಗ್ಯ ಸಂಸ್ಥೆ ಮಂಕಿಪಾಕ್ಸ್‌ಗೆ ಎಂಪಾಕ್ಸ್ ಎಂದು ಮರುನಾಮಕರಣ ಮಾಡಿತು. ಒಂದು ವರ್ಷ ಎರಡೂ ಹೆಸರು ನಡೆಯಲಿ, ಆಮೇಲೆ ಹಳೆಯದು ಬೇಡ ಎಂದಿತು. ಹಳೆಯ ಹೆಸರಿನ ವಿಳಾಸ ಹಿಡಿದಿದ್ದವರಿಗೆ ಯಾರೂ ಪರಿಹಾರ ಕೊಡುವುದಿಲ್ಲ. ಐಕ್ಯಾನ್ 2024ರ ಏಪ್ರಿಲ್‌ನಲ್ಲಿ ಜಾರಿಗೆ ತಂದ ಹೊಸ ಕರಾರು, ವಂಚನೆಗೆ ಬಳಕೆಯಾಗುತ್ತಿರುವ ಹೆಸರಿನ ಪುರಾವೆ ಕೈಗೆ ಬಂದರೆ ನೋಂದಣಿ ಕಂಪನಿಗಳು ಕ್ರಮ ಕೈಗೊಳ್ಳಲೇಬೇಕು ಎನ್ನುತ್ತದೆ. ರೋಗದ ಹೆಸರನ್ನು ಕೊಂಡು, ಏನೂ ಮಾಡದೆ, ಬೆಲೆ ಬರಲೆಂದು ಕಾದು ಕೂರುವುದರ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ.